ಬಲಗಡೆಯ ಬೀಗ

ಎಂಟು ವರ್ಷವಾಯಿತು, ನನ್ನ ಕೋಪ ಇನ್ನೂ ಇಳಿದಿಲ್ಲ. ದಿನಾ ಬೆಳಿಗ್ಗೆ ಅಂಗಡಿಯ ಷಟರ್ ಮುಂದೆ ನಿಂತಾಗ ಅದು ಹೊಸದಾಗಿ ಏಳುತ್ತದೆ. ಯಾರ ಮೇಲೆ ಕೋಪ ಎಂದು ಕೇಳಿದರೆ ಚಿಕ್ಕಮ್ಮನ ಮೇಲೆ. ಆ ಫೈಲಿನವನ ಮೇಲೂ. ಸ್ವಲ್ಪ ನನ್ನ ಮೇಲೂ, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ.

ನನ್ನ ಚಿಕ್ಕಮ್ಮನದು ಬೀಗದ ಕೆಲಸ. ಕಳೆದುಹೋದ ಕೀಲಿಕೈಗೆ ಬದಲಿ ಮಾಡಿಕೊಡುತ್ತಾಳೆ, ಕೆಟ್ಟ ಬೀಗ ಸರಿಮಾಡುತ್ತಾಳೆ, ಜಪ್ಪಯ್ಯ ಅಂದರೂ ತೆಗೆಯದ ಬೀರುವನ್ನು ತೆಗೆದುಕೊಡುತ್ತಾಳೆ. ನಮ್ಮ ಅಂಗಡಿ ಸಾಲಿನವರಿಗೆಲ್ಲ ಅವಳು ಬೀಗದಮ್ಮ. ಐದಡಿಗೆ ಎರಡು ಬೆರಳು ಕಡಿಮೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಉಗುರಿನ ಸಂದಿಯಲ್ಲಿ ಹಿತ್ತಾಳೆಯ ಪುಡಿ. ಕೋಪ ಮೂಗಿನ ತುದಿಯಲ್ಲಿ. ನನ್ನದೂ ಅಲ್ಲೇ ಇದೆ, ಎಲ್ಲಿಂದ ಬಂತು ಎಂದು ಹುಡುಕಬೇಕಾಗಿಲ್ಲ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅವಳ ತಂಗಿಯೇ ನನ್ನನ್ನು ಸಾಕಿದಳು, ಹೊಲಿಗೆ ಕಲಿಸಿದಳು, ಪಕ್ಕದ ಅಂಗಡಿ ಖಾಲಿಯಾದಾಗ ಅದರೊಳಗೆ ನನ್ನನ್ನು ಮೆಷಿನ್ ಸಮೇತ ಕೂರಿಸಿದಳು.

ಬೀಗದ ಅಂಗಡಿ ಮೊದಲು ಚಿಕ್ಕಪ್ಪನದು. ಅವರು ಹೋದ ಮೇಲೆ ಮುಚ್ಚಿಬಿಡು ಎಂದು ಎಲ್ಲರೂ ಬುದ್ಧಿ ಹೇಳಿದರು. ಇವಳು ಹಳೆಯ ಬೀಗಗಳನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಲಿತಳು. ಮೊದಲ ವರ್ಷವೇ ಒಂದು ಏಟು ತಿಂದಳು. ಒಬ್ಬ ಗಂಡಸು ಬಂದು, ಹೆಂಡತಿ ಕೀಲಿಕೈ ಕಳೆದಿದ್ದಾಳೆ, ಮನೆ ತೆಗೆದುಕೊಡಿ ಎಂದ. ಹೋಗಿ ತೆಗೆದಳು. ಅವನು ಆ ಹೆಂಡತಿಯ ಸಾಮಾನನ್ನೆಲ್ಲ ಬಾಚಿಕೊಂಡು ಪರಾರಿಯಾದ. ಮಾರನೆಯ ದಿನ ಆ ಹೆಂಗಸು ಬಂದು ಅಂಗಡಿಯ ಮುಂದೆ ನಿಂತಳಂತೆ. ಬೈಯಲಿಲ್ಲ, ಅಳಲಿಲ್ಲ, ಸ್ವಲ್ಪ ಹೊತ್ತು ನಿಂತು ಹೋದಳಂತೆ. ಅವತ್ತೇ ಚಿಕ್ಕಮ್ಮ ಒಂದು ಹಲಗೆ ಬರೆಸಿ ತಲೆಯ ಮೇಲೆ ತೂಗುಹಾಕಿದಳು: “ಬೀಗ ತೆಗೆಸಲು ಇಬ್ಬರು ಬನ್ನಿ. ಒಬ್ಬರೇ ಬಂದರೆ ಬೈಸಿಕೊಂಡು ಹೋಗಿ.” ಮನೆಯದಾಗಲಿ, ಪೆಟ್ಟಿಗೆಯದಾಗಲಿ, ಇಬ್ಬರು ಎದುರಿಗಿಲ್ಲದೆ ಅವಳು ಒಂದು ಬೀಗವನ್ನೂ ಮುಟ್ಟುವುದಿಲ್ಲ. ಒಬ್ಬರೇ ಬಂದವರು ಬೈಸಿಕೊಂಡೇ ಹೋಗುತ್ತಿದ್ದರು.

ನಮ್ಮದು ಹಳೆಯ ಕಟ್ಟಡದ ಕೆಳಗಿನ ಐದು ಅಂಗಡಿಗಳ ಸಾಲು. ಎಡತುದಿಯಲ್ಲಿ ಚಪ್ಪಲಿ ಹೊಲಿಯುವ ತಾತ, ಅವನ ಪಕ್ಕ ಗಡಿಯಾರ ರಿಪೇರಿಯವನು, ಆಮೇಲೆ ಝೆರಾಕ್ಸ್ ಅಕ್ಕ, ನಾನು, ಬಲತುದಿಯಲ್ಲಿ ಚಿಕ್ಕಮ್ಮ. ಐದು ಜನರದ್ದೂ ಸೇರಿ ಒಂದೇ ಬಾಡಿಗೆ ಕರಾರು. ಅದರಲ್ಲಿ ಯಾವ ಕಾಲದಲ್ಲೋ ಬರೆದ ಒಂದು ಸಾಲಿತ್ತು: ಐವರಲ್ಲಿ ಮೂವರು ಒಪ್ಪಿ ಸಹಿ ಹಾಕಿದರೆ ಕರಾರು ಮುಗಿದಂತೆ, ಉಳಿದಿಬ್ಬರೂ ಜಾಗ ಬಿಡಬೇಕು. ಯಾರೂ ಆ ಸಾಲಿನ ಮೇಲೆ ಕಣ್ಣು ಹಾಯಿಸಿರಲಿಲ್ಲ, ಮಾಲೀಕನೊಬ್ಬನ ಹೊರತು.

ಅವನ ಗುಮಾಸ್ತ ಯಾವಾಗಲೂ ಕಂಕುಳಲ್ಲಿ ಒಂದು ಫೈಲು ಇಟ್ಟುಕೊಂಡೇ ತಿರುಗುತ್ತಿದ್ದುದರಿಂದ ನಾವು ಅವನನ್ನು ಫೈಲು ಎಂದೇ ಕರೆಯುತ್ತಿದ್ದೆವು. ಒಂದು ಸೋಮವಾರ ಬಂದು ನಗುನಗುತ್ತಾ ಹೇಳಿದ: ಕಟ್ಟಡ ಕೆಡವಿ ಹೊಸದು ಕಟ್ಟುತ್ತೇವೆ. ಮುಂಭಾಗದಲ್ಲಿ ಹದಿನಾಲ್ಕು ಹದಿನಾಲ್ಕು ಅಡಿಯ ಮೂರು ಅಂಗಡಿ. ನಿಮ್ಮಲ್ಲಿ ಯಾರಾದರೂ ಮೂವರು ಒಟ್ಟಾಗಿ ಸಹಿ ಹಾಕಿ, ಆ ಮೂರೂ ನಿಮಗೇ. ಯಾವ ಮೂವರು ಎಂದು ನೀವೇ ಮಾತಾಡಿಕೊಳ್ಳಿ.

ನೀವೇ ಮಾತಾಡಿಕೊಳ್ಳಿ! ಎಷ್ಟು ಮರ್ಯಾದೆಯ ಮಾತು ನೋಡಿ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮಧ್ಯಾಹ್ನದೊಳಗೆ ಮೂವರಾಗಿಬಿಟ್ಟೆವು: ಗಡಿಯಾರದವನು, ಝೆರಾಕ್ಸ್ ಅಕ್ಕ, ನಾನು. ಹೌದು, ಚಿಕ್ಕಮ್ಮನನ್ನು ಬಿಟ್ಟು. ಅವಳು ಪೆಟ್ಟಿಗೆ ಹಿಡಿದು ಎಲ್ಲಿ ಕೂತರೂ ಕೆಲಸ ನಡೆಯುತ್ತದೆ, ನನ್ನ ಎರಡು ಮೆಷಿನ್ನು, ಕತ್ತರಿಸುವ ಮೇಜು ಎಲ್ಲಿ ಹೊತ್ತುಕೊಂಡು ಹೋಗಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನಗೆ ಅನ್ನ ಹಾಕಿದ್ದು ಆ ಹೊಲಿಗೆಯೇ, ಆ ಹೊಲಿಗೆಗೆ ಆ ಜಾಗವೇ ಬೇಕು.

ಮಾರನೆಯ ದಿನ ತಾತ ಗಡಿಯಾರದವನ ಹತ್ತಿರ ಹೋಗಿ, ನನಗೆ ಒಂದು ಮೂಲೆ ಸಾಕು, ನನ್ನ ಪಾಲಿನ ಉಳಿದ ಜಾಗವೂ ನಿನಗೇ ಎಂದ. ಗಡಿಯಾರದವನು ನಮಗೆ ಕೈ ಕೊಟ್ಟು ಅತ್ತ ಜಿಗಿದ, ಹೋಗುವಾಗ ಝೆರಾಕ್ಸ್ ಅಕ್ಕನನ್ನೂ ಎಳೆದುಕೊಂಡ. ಹೊರಗೆ ಬಿದ್ದ ನಾನು ಅವಳಿಗೆ ರಸ್ತೆಗೆ ಹತ್ತಿರದ ಅಂಗಡಿ ಬಿಟ್ಟುಕೊಡುತ್ತೇನೆ ಎಂದು ಆಸೆ ಹುಟ್ಟಿಸಿ ವಾಪಸ್ ತಂದೆ. ಅವಳ ಹಿಂದೆಯೇ ತಾತನೂ ಬಂದ, ಗಡಿಯಾರದವನು ಹೊರಗಾದ. ಅವನೇನು ಸುಮ್ಮನಿದ್ದಾನೆಯೇ? ಐದು ದಿನದಲ್ಲಿ ಏಳು ಗುಂಪು ಕಟ್ಟಿದೆವು, ಏಳೂ ಮುರಿದವು. ಬೆಳಿಗ್ಗೆ ಅಣ್ಣ ತಂಗಿ ಎಂದವರು ಸಂಜೆಗೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಫೈಲು ಎದುರುಗಡೆಯ ಟೀ ಅಂಗಡಿಯಲ್ಲಿ ಕೂತು ಸಿನಿಮಾ ನೋಡುವವನ ಹಾಗೆ ನೋಡುತ್ತಿದ್ದ. ಚಿಕ್ಕಮ್ಮನನ್ನು ಎರಡು ಗುಂಪಿನವರು ಕರೆದರು. ಇಬ್ಬರಿಗೂ ಉಗಿದು ಕಳಿಸಿದಳು.

ಶನಿವಾರ ಬೆಳಿಗ್ಗೆ ಅವಳು ಸುತ್ತಿಗೆ ತೆಗೆದುಕೊಂಡು ತನ್ನ ಷಟರಿಗೆ ಢಣಢಣ ಹೊಡೆದಳು. ಎಲ್ಲರೂ ಏನಾಯಿತೋ ಎಂದು ಹೊರಗೆ ಓಡಿಬಂದೆವು.

“ಥೂ, ನಾಚ್ಕೆ ಆಗಲ್ವಾ ನಿಮ್ಗೆ? ಇಷ್ಟು ವರ್ಷ ಒಂದೇ ಕೊಡದ ನೀರು ಕುಡಿದು, ಅವ್ನು ಒಂದು ಕಾಗದ ಅಲ್ಲಾಡಿಸಿದ ತಕ್ಷಣ ಹಿಂಗೆ ಕಚ್ಚಾಡ್ತೀರಲ್ಲ!”

“ಏನ್ ಮಾಡೋದು ಬೀಗದಮ್ಮ, ಅವ್ರು ಮೂರೇ ಕೊಡ್ತೀವಿ ಅಂದ್ರೆ?” ಎಂದ ಗಡಿಯಾರದವನು.

“ಮೂರು ಅಂದ್ರೆ ಯಾವಾಗ್ಲೂ ಇಬ್ರು ಹೊರಗೆ. ಹೊರಗಿರೋರಿಗೆ ಕಳ್ಕೊಳ್ಳೋಕೆ ಏನಿದೆ? ಏನ್ ಬೇಕಾದ್ರೂ ಕೊಟ್ಟು ಒಳಗಿರೋರಲ್ಲಿ ಒಬ್ಬರನ್ನ ಎಳ್ಕೋತಾರೆ. ಆಮೇಲೆ ಹೊರಗೆ ಬಿದ್ದೋರು ಇನ್ನೊಬ್ರನ್ನ ಎಳೀತಾರೆ. ಹಿಂಗೇ ಎಳೆದಾಡಿ ಎಳೆದಾಡಿ ಎಲ್ಲಾ ಬಿಟ್ಕೊಟ್ಟು ಬರಿಗೈಲಿ ಹೋಗ್ತೀರ. ಎಷ್ಟು ಮೂರು ಮಾಡಿದ್ರೂ ನಿಲ್ಲಲ್ಲ. ನಿಲ್ಲೋದು ಐದೇ. ಹದಿನಾಲ್ಕಡಿ ಯಾರಿಗೆ ಬೇಕು? ಅದೇ ಜಾಗದಲ್ಲಿ ಎಂಟೆಂಟಡಿ ಐದು ಅಂಗಡಿ ಆಗಲ್ವಾ? ಐದು ಕೊಟ್ರೆ ಐದೂ ಜನ ಸಹಿ, ಇಲ್ಲಾಂದ್ರೆ ಒಬ್ರೂ ಇಲ್ಲ.”

“ಈಗೇನೋ ಎಲ್ರೂ ಹೂಂ ಅಂತೀವಿ,” ಎಂದಳು ಝೆರಾಕ್ಸ್ ಅಕ್ಕ. “ನಾಳೆ ಅವ್ನು ಬಂದು ಒಬ್ಬರ ಕಿವಿ ಊದಿದ್ರೆ?”

“ಅದಕ್ಕೇ ಬರೀ ಹೂಂ ಬೇಡ. ಬೀಗ ಹಾಕೋಣ.”

ನಮ್ಮ ಷಟರುಗಳಿಗೆಲ್ಲ ಕೆಳಗೆ ಎರಡೂ ತುದಿಯಲ್ಲಿ ಬೀಗದ ಕೊಂಡಿಯಿತ್ತು. ನಾವು ಹಾಕುತ್ತಿದ್ದುದು ಎಡಗಡೆಗೆ ಮಾತ್ರ. ಇನ್ನು ಮೇಲೆ ಬಲಗಡೆಗೂ ಹಾಕಬೇಕು ಎಂದಳು. ಆ ಬಲಗಡೆ ಬೀಗದ ಕೀಲಿಕೈ ಬಲಪಕ್ಕದ ಅಂಗಡಿಯವರ ಹತ್ತಿರ. ತಾತನದು ಗಡಿಯಾರದವನ ಕೈಗೆ, ಅವನದು ಝೆರಾಕ್ಸ್ ಅಕ್ಕನಿಗೆ, ಅವಳದು ನನಗೆ, ನನ್ನದು ಚಿಕ್ಕಮ್ಮನಿಗೆ, ಚಿಕ್ಕಮ್ಮನದು ಸುತ್ತಿ ಬಂದು ತಾತನಿಗೆ. ಬೆಳಿಗ್ಗೆ ಯಾರೂ ಒಬ್ಬರೇ ಅಂಗಡಿ ತೆಗೆಯುವ ಹಾಗಿಲ್ಲ. ಯಾರಾದರೂ ಕದ್ದು ಸಹಿ ಹಾಕಿದರೆ ಅವರ ಬಲಗಡೆ ಬೀಗ ತೆಗೆಯುವುದಿಲ್ಲ. ಸಹಿ ಹಾಕಿದ ಕಾಗದವನ್ನು ವಾಪಸ್ ತಂದು ಎಲ್ಲರ ಮುಂದೆ ಹರಿದ ಮೇಲೆಯೇ ಷಟರ್ ಏಳುವುದು.

ತಾತ ತಲೆ ಕೆರೆದುಕೊಂಡ. “ಎಲ್ಲಾ ಸರಿ ಕಣಮ್ಮ. ನಮ್ಮನ್ನ ಕಟ್ಟಾಕ್ದೆ. ನಿನ್ನನ್ನ ಕಟ್ಟಾಕೋದು ಹೆಂಗೆ? ನಿಂಗೆ ಕೀನೇ ಬೇಡ, ಒಂದು ತಂತಿ ಚೂರು ಸಾಕು.”

ಚಿಕ್ಕಮ್ಮನ ಮುಖ ಕೆಂಪಾಯಿತು. ಒಳಗೆ ಹೋಗಿ ಆ ಹಲಗೆಯನ್ನು ಕಿತ್ತು ತಂದು ತಾತನ ಕೈಗೆ ಕೊಟ್ಟಳು. “ಇದು ನಿನ್ನ ಅಂಗಡೀಲಿರಲಿ. ಮೂವತ್ತು ವರ್ಷ ಇದರ ಕೆಳಗೆ ಕೂತಿದೀನಿ. ಒಬ್ಬಳೇ ಒಂದು ಬೀಗ ತೆಗೆದೆ ಅಂತ ಗೊತ್ತಾದ್ರೆ ಇದನ್ನ ನನ್ನ ಮುಂದೇನೇ ಒಲೆಗೆ ಹಾಕು. ಆಮೇಲೆ ಈ ಬೀದೀಲಿ ಯಾರು ನಂಗೆ ಬೀಗ ಕೊಡ್ತಾರೆ?”

“ಸಾಕು ಬಿಡಮ್ಮ,” ಎಂದ ತಾತ.

ಝೆರಾಕ್ಸ್ ಅಕ್ಕ ಇದನ್ನೆಲ್ಲ ಟೈಪ್ ಮಾಡಿ ಐದು ಪ್ರತಿ ತೆಗೆದಳು. ಐವರೂ ಸಹಿ ಹಾಕಿದೆವು. ಗಡಿಯಾರದವನು ಮಾತ್ರ ನನ್ನ ಕಡೆ ನೋಡಿ ನಕ್ಕ. “ನಿಮ್ದು ಬಿಡಿ, ಪುಣ್ಯವಂತರು. ಕೀ ಚಿಕ್ಕಮ್ಮನ ಹತ್ರಾನೇ ಇದೆ. ಒಂದೇ ಮನೆ!” ಎಲ್ಲರೂ ನಕ್ಕರು, ನಾನೂ ನಕ್ಕೆ. ಚಿಕ್ಕಮ್ಮ ನಗಲಿಲ್ಲ. ಆಗಲೇ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ, ನನ್ನ ಮಂಡೆಗೆ ಏನು ಹೇಳುವುದು!

ಎರಡು ವಾರ ಚೆನ್ನಾಗಿಯೇ ನಡೆಯಿತು. ತಾತ ತಡವಾಗಿ ಬಂದ ದಿನ ಚಿಕ್ಕಮ್ಮ ರಸ್ತೆಯಲ್ಲಿ ನಿಂತು ಅವನಿಗೆ ಮಂಗಳಾರತಿ ಮಾಡುತ್ತಿದ್ದಳು, ಅಷ್ಟೇ. ಫೈಲು ಮೂರು ಸಲ ಬಂದು ಬರಿಗೈಯಲ್ಲಿ ಹೋದ. ಅದೇ ಹೊತ್ತಿಗೆ ನನಗೊಂದು ದೊಡ್ಡ ಕೆಲಸ ಸಿಕ್ಕಿತು. ಆಸ್ಪತ್ರೆಗೆ ಹೊಸದಾಗಿ ಸೇರುವ ನರ್ಸುಗಳಿಗೆ ನಲವತ್ತೆರಡು ಯೂನಿಫಾರ್ಮ್. ಹಿರಿಯ ನರ್ಸು ಬಂದು ಅಳತೆ ಕೊಟ್ಟು, ಇದು ಚೆನ್ನಾಗಿ ಬಂದರೆ ಇನ್ನು ಪ್ರತಿ ವರ್ಷ ನಿಮಗೇ ಎಂದಿದ್ದರು. ಇಪ್ಪತ್ತು ವರ್ಷದ ಹೊಲಿಗೆಯಲ್ಲಿ ಅಂಥ ಮಾತು ನನಗೆ ಯಾರೂ ಹೇಳಿರಲಿಲ್ಲ. ಸೋಮವಾರ ಬೆಳಿಗ್ಗೆ ಕೊಡಬೇಕು. ಗುರುವಾರದ ಹೊತ್ತಿಗೆ ಹೊಲಿಗೆ ಮುಗಿದು ಕಾಜಾ ಹೊಡೆದಾಗಿತ್ತು, ಗುಂಡಿ ಮತ್ತು ಇಸ್ತ್ರಿ ಬಾಕಿ.

ಆ ಗುರುವಾರ ಮಧ್ಯಾಹ್ನ, ಚಿಕ್ಕಮ್ಮ ಯಾರದೋ ಬೀರು ತೆಗೆಯಲು ಹೋಗಿದ್ದಾಗ, ಫೈಲು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ.

“ನಿಮಗೇನು ಭಯ ಮೇಡಂ? ಉಳಿದೋರ ಕೀ ಹೊರಗಿನವರ ಹತ್ರ ಇದೆ. ನಿಮ್ದು ತಾಯಿ ಥರ ಇರೋರ ಹತ್ರ. ಸಾಕಿದ ಮಗಳ ಅಂಗಡಿಗೆ ಬೀಗ ಹಾಕಿ ಕೂರ್ತಾರಾ ಅವ್ರು? ಗಡಿಯಾರದವ್ರು, ಝೆರಾಕ್ಸ್‌ನವ್ರು ಇಬ್ರೂ ಪೆನ್ನು ಹಿಡ್ಕೊಂಡು ಕೂತಿದಾರೆ. ಮೊದ್ಲು ಯಾರು ಅನ್ನೋದೊಂದೇ ಪ್ರಶ್ನೆ. ನೀವು ಹಾಕಿ, ಮೂಲೆ ಅಂಗಡಿ ನಿಮ್ದು, ಎರಡು ಕಡೆ ರಸ್ತೆ. ನಿಮ್ಮ ಚಿಕ್ಕಮ್ಮಾನೂ ಅಲ್ಲೇ ಒಂದು ಕಡೆ ಕೂರಬಹುದು.”

ಬೆಣ್ಣೆ ಹಚ್ಚುತ್ತಿದ್ದಾನೆ ಎಂದು ಗೊತ್ತಿತ್ತು. ಆದರೂ ಮೂಲೆ ಅಂಗಡಿ, ಎರಡು ಕಡೆ ರಸ್ತೆ, ಪ್ರತಿ ವರ್ಷ ಯೂನಿಫಾರ್ಮ್ ಎಲ್ಲವೂ ತಲೆಯಲ್ಲಿ ಗಿರಗಿರ ತಿರುಗಿದವು. ಚಿಕ್ಕಮ್ಮನಿಗೂ ಜಾಗ ಆಗುತ್ತದಲ್ಲ ಎಂದುಕೊಂಡೆ. ಕತ್ತರಿಸುವ ಮೇಜಿನ ಮೇಲೆ ಕಾಗದ ಇಟ್ಟು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೆಳಗಿಟ್ಟು, ಅವನ ಪೆನ್ನು ತೆಗೆದುಕೊಂಡೆ.

ಆ ದರಿದ್ರದವನು ಅದನ್ನು ಗುಟ್ಟಾಗಿಡುತ್ತಾನೆ ಎಂದುಕೊಂಡಿದ್ದೆ. ಉಳಿದಿಬ್ಬರನ್ನು ಎಳೆಯಬೇಕಲ್ಲ, ಸಂಜೆಯೊಳಗೆ ಸಾಲಿಗೆಲ್ಲ ಡಂಗುರ ಸಾರಿದ್ದ. ಮನೆಯಲ್ಲಿ ಚಿಕ್ಕಮ್ಮ ನನಗೆ ಊಟ ಬಡಿಸಿದಳು. ಬೈಯದ ಚಿಕ್ಕಮ್ಮನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹೆದರಿಕೆಯಾಯಿತು.

ಶುಕ್ರವಾರ ಬೆಳಿಗ್ಗೆ ಎಡಗಡೆ ಬೀಗ ತೆಗೆದು ನಿಂತೆ. ಅವಳು ಬಲಗಡೆ ಬಂದು ನಿಂತಳು, ಕೀಲಿಕೈ ಸೊಂಟದಲ್ಲೇ ಇತ್ತು.

“ಕಾಗದ ಎಲ್ಲಿ?”

“ಚಿಕ್ಕಮ್ಮ, ಒಳಗೆ ನಲವತ್ತೆರಡು ಯೂನಿಫಾರ್ಮ್ ಇದೆ. ಇನ್ನೂ ಗುಂಡಿ ಹಾಕಿಲ್ಲ.”

“ಕಾಗದ ಎಲ್ಲಿ ಅಂದೆ.”

“ನಿಂಗೂ ಅದರಲ್ಲಿ ಜಾಗ ಇದೆ! ನಿನಗೋಸ್ಕರಾನೇ ನಾನು...”

“ನನ್ನ ಹೆಸರು ಹೇಳ್ಕೊಂಡು ನಿನ್ನ ಆಸೆ ತೀರಿಸ್ಕೋಬೇಡ. ಕಾಗದ ತಾ, ಹರಿ, ತೆಗೀತೀನಿ.”

ಇಡೀ ಸಾಲು ನೋಡುತ್ತಿತ್ತು. ಗಡಿಯಾರದವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯುವುದನ್ನೂ ಮರೆತು ಹೊರಗೆ ಬಂದು ನಿಂತಿದ್ದ. ನನಗೆ ಅವಮಾನದಿಂದ ಕಣ್ಣು ಕತ್ತಲೆ ಬಂತು. ಇವಳು ನನ್ನ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು. ಅಂಥವಳು ಒಂದು ಝೆರಾಕ್ಸ್ ಕಾಗದಕ್ಕೋಸ್ಕರ ನನ್ನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾಳಲ್ಲ!

ಫೈಲಿನ ಆಫೀಸಿಗೆ ಓಡಿದೆ. ಕಾಗದ ಮಾಲೀಕರ ಹತ್ತಿರ ಹೋಗಿದೆ ಎಂದ. ಹಾಗಾದರೆ ಆಳು ಕಳಿಸಿ ಬೀಗ ಕತ್ತರಿಸಿಕೊಡಿ ಎಂದೆ.

“ಮೂರು ಸಹಿ ಆಗ್ಲಿ ಮೇಡಂ, ಕಳಿಸ್ತೀನಿ. ಒಂದು ಸಹಿ ಇಟ್ಕೊಂಡು ನಾನೇನ್ ಉಪ್ಪಿನಕಾಯಿ ಹಾಕ್ಲಾ?”

ಮೂರಕ್ಕೆ ಕಟ್ಟಡದ ಬೆಲೆ, ಒಂದಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ. ನಿನ್ನೆ ಮೇಡಂ ಮೇಡಂ ಎಂದು ಹಲ್ಲು ಗಿಂಜಿದವನು ಇವತ್ತು ನನ್ನ ಮುಖವನ್ನೂ ನೋಡದೆ ಫೈಲು ತಿರುಗಿಸುತ್ತಿದ್ದ. ಅವನ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಅವನ ತಲೆಗೆ ಸುರಿಯಬೇಕು ಅನಿಸಿತು. ಸುರಿಯಲಿಲ್ಲ ಎಂದು ಈಗಲೂ ಬೇಸರವಿದೆ.

ಸುತ್ತಿಗೆ ತಂದು ಬೀಗಕ್ಕೆ ಹೊಡೆದೆ. ಚಿಕ್ಕಮ್ಮ ಆರಿಸಿಕೊಟ್ಟ ಬೀಗ, ಮೈ ತಗ್ಗಾಯಿತೇ ಹೊರತು ಬಾಯಿ ಬಿಡಲಿಲ್ಲ. ಆಚೆ ಬೀದಿಯಿಂದ ಇನ್ನೊಬ್ಬ ಬೀಗದವನನ್ನು ಕರೆತಂದೆ. ಅವನು ಬಗ್ಗಿ ನೋಡಿ, “ಇದು ಬೀಗದಮ್ಮನ ಬೀಗ ಅಲ್ವಾ? ಅವ್ರನ್ನೂ ಕರೀರಿ, ಇಬ್ರು ಇದ್ರೇನೇ ನಾನು ಮುಟ್ಟೋದು,” ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟ. ಅವಳು ಊರಿಗೆಲ್ಲ ಈ ರೋಗ ಅಂಟಿಸಿದ್ದಳು.

ಶನಿವಾರ ಹೋಯಿತು, ಭಾನುವಾರ ಹೋಯಿತು. ಮನೆಯಲ್ಲಿ ಒಂದೇ ಅಡುಗೆ, ಎರಡು ಮುಖ. ಸೋಮವಾರ ಬೆಳಿಗ್ಗೆ ಹಿರಿಯ ನರ್ಸು ಬಂದರು. ಮುಚ್ಚಿದ ಷಟರು, ಅದರ ಮುಂದೆ ನಾನು. ನಾಳೆ ಕೊಡುತ್ತೇನೆ, ನಾಡಿದ್ದು ಖಂಡಿತ ಎಂದು ಬೇಡಿಕೊಂಡೆ. “ಇವತ್ತು ಮಕ್ಕಳು ಕೆಲಸಕ್ಕೆ ಸೇರ್ತಿದಾರಮ್ಮ, ಇವತ್ತು ಬೇಕಿತ್ತು,” ಎಂದಷ್ಟೇ ಹೇಳಿ ಹೋದರು. ಚಿಕ್ಕಮ್ಮ ತನ್ನ ಅಂಗಡಿಯಲ್ಲಿ ಕೂತು ಒಂದೇ ಕೀಲಿಕೈಯನ್ನು ಅರದಿಂದ ತಿಕ್ಕುತ್ತಲೇ ಇದ್ದಳು. ತಿಕ್ಕಿ ತಿಕ್ಕಿ ಅದರ ಹಲ್ಲೆಲ್ಲ ಹೋಗಿ ನುಣ್ಣಗಾಗಿತ್ತು.

ಆಗ ನನ್ನ ಬೆನ್ನ ಹಿಂದೆ ಗಡಿಯಾರದವನು ಝೆರಾಕ್ಸ್ ಅಕ್ಕನಿಗೆ ಪಿಸುಗುಟ್ಟಿದ್ದು ಕೇಳಿಸಿತು: “ಸ್ವಂತ ಅಕ್ಕನ ಮಗಳಿಗೇ ಹಿಂಗ್ ಮಾಡ್ದೋಳು ನಮ್ಮನ್ನ ಬಿಡ್ತಾಳಾ? ನಂಗೆ ಬೇಡಪ್ಪ ಆ ಸಹಿ.” ಅವನ ಜೇಬಿನಲ್ಲಿ ಪೆನ್ನು ಕಾಣುತ್ತಿತ್ತು. ಅದು ಅಲ್ಲೇ ಉಳಿಯಿತು.

ಮಂಗಳವಾರ ಫೈಲಿನ ಆಫೀಸಿನ ಮೆಟ್ಟಿಲ ಮೇಲೆ ಕೂತು, ಬಂದುಹೋಗುವವರಿಗೆಲ್ಲ ಕೇಳುವಂತೆ ಕಿರುಚಾಡಿದೆ. ಉಳಿದಿಬ್ಬರು ಬರುವುದಿಲ್ಲ ಎಂದು ಅವನಿಗೂ ಖಾತ್ರಿಯಾಗಿತ್ತು. ಉಪಯೋಗಕ್ಕೆ ಬಾರದ ಕಾಗದ, ನನ್ನ ಮುಖಕ್ಕೆ ಎಸೆದ. ತಂದು ನಾಲ್ವರ ಮುಂದೆ ಹರಿದೆ. ಚಿಕ್ಕಮ್ಮ ಬಗ್ಗಿ ಬಲಗಡೆ ಬೀಗ ತೆಗೆದಳು. ಒಳಗೆ ನಲವತ್ತೆರಡು ಯೂನಿಫಾರ್ಮ್ ಗುಂಡಿಯಿಲ್ಲದೆ ಬಾಯಿ ಬಿಟ್ಟುಕೊಂಡು ನೇತಾಡುತ್ತಿದ್ದವು.

“ಒಂದೇ ಒಂದು ಹೇಳು,” ಎಂದೆ. “ನಾನು ಬೇರೆ ಯಾರದ್ದೋ ಮಗಳಾಗಿದ್ರೆ ತೆಗೀತಿದ್ಯಾ?”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಯೋಚಿಸಿದ್ದಕ್ಕೇ ನನಗೆ ಇನ್ನೂ ಸಿಟ್ಟು.

“ತೆಗೀತಿದ್ನೋ ಏನೋ. ಅವಳು ಅತ್ತಿದ್ರೆ ಕರಗ್ತಿದ್ದೆ. ಬೀಗದಮ್ಮ ಪಾಪ ಅಂತ ತೆಗೆದ್ಲು ಅಂತಿದ್ರು, ಅಷ್ಟೇ. ನಿಂಗೆ ತೆಗೆದಿದ್ರೆ, ನೋಡಿದ್ರಾ, ಇದೆಲ್ಲಾ ಅವಳ ಮನೆಯವರನ್ನ ಬಿಟ್ಟು ಉಳಿದೋರಿಗೆ ಅಂತಿದ್ರು. ಆಮೇಲೆ ಯಾವ ಬೀಗಾನೂ ಬೀಗ ಆಗಿ ಉಳೀತಿರ್ಲಿಲ್ಲ.”

ಅದಾದ ಮೂರನೆಯ ದಿನ ಮಾಲೀಕನೇ ನಮ್ಮನ್ನು ಕರೆಸಿದ. ಕಟ್ಟುವವರು ಕಾಯುತ್ತಿದ್ದರು, ಅವನಿಗೂ ದಿನ ಹೋಗುತ್ತಿತ್ತು. ಎಂಟೆಂಟಡಿಯ ಐದು ಅಂಗಡಿ, ಐದು ಸಹಿ. ಹೊರಗೆ ಬಂದಾಗ ತಾತ ಕಣ್ಣೊರೆಸಿಕೊಂಡ. ಗಡಿಯಾರದವನು ನನ್ನ ಕೈ ಕುಲುಕಿ, “ನಿಮ್ಮಿಂದಾನೇ ಉಳೀತು ನೋಡಿ,” ಎಂದ. ಕಪಾಳಕ್ಕೆ ಬಾರಿಸಬೇಕು ಅನಿಸಿತು. ನನ್ನಿಂದ ಹೌದು! ನಾಲ್ಕು ಜನ ಎಂಟೆಂಟಡಿ ಗೆದ್ದದ್ದು ನನ್ನ ನಲವತ್ತೆರಡು ಯೂನಿಫಾರ್ಮಿನ ಮೇಲೆ. ಆಸ್ಪತ್ರೆಯವರು ಮತ್ತೆ ನನ್ನ ಕಡೆ ಬರಲಿಲ್ಲ. ಎಲ್ಲರಿಗೂ ಬೀಗ ಹಾಕುತ್ತೇನೆ ಎಂದವಳು ನನ್ನನ್ನೇ ಬೀಗ ಮಾಡಿ ಹಾಕಿಬಿಟ್ಟಳು. ತಪ್ಪು ನನ್ನದೇ ಎಂದು ಗೊತ್ತಿದೆ. ಗೊತ್ತಿದ್ದರೆ ಕೋಪ ಹೋಗುತ್ತದೆ ಎಂದು ಹೇಳಿದವರು ಯಾರು?

ಹೊಸ ಕಟ್ಟಡದಲ್ಲಿ ಅಂಗಡಿ ತೆರೆದ ದಿನ ಎಲ್ಲರೂ ತಂತಮ್ಮ ಎರಡನೆಯ ಕೀಲಿಕೈ ವಾಪಸ್ ತೆಗೆದುಕೊಂಡರು. ತಾತ ಆ ಹಲಗೆಯನ್ನು ಒರೆಸಿ ತಂದು ಚಿಕ್ಕಮ್ಮನ ತಲೆಯ ಮೇಲೆ ತೂಗುಹಾಕಿದ. ಚಿಕ್ಕಮ್ಮ ನನ್ನ ಹತ್ತಿರ ಬಂದು ಅಂಗೈ ಚಾಚಿದಳು. ನನ್ನ ಬಲಗಡೆ ಬೀಗದ ಕೀಲಿಕೈ.

“ತಗೋ. ಮುಗೀತಲ್ಲ.”

ನಾನು ತೆಗೆದುಕೊಳ್ಳಲಿಲ್ಲ. “ಇಟ್ಕೋ,” ಎಂದೆ.

“ಯಾಕೆ?”

“ನಂಗೇ ತೆಗೆಯದೋಳು ಇನ್ಯಾರಿಗೆ ತೆಗೀತೀಯ? ಇಟ್ಕೋ ನೀನೇ.”

ಬೈದೇ ಹೇಳಿದ್ದು. ಸಾಲಿಗೆಲ್ಲ ಕೇಳುವ ಹಾಗೆ ಹೇಳಿದ್ದು. ಯಾವ ಮಾತಿಗೂ ತಿರುಗಿ ಎರಡು ಕೊಡುವ ಚಿಕ್ಕಮ್ಮ ಅವತ್ತು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಅಂಗಡಿಯೊಳಗೆ ಹೋದಳು. ತುಂಬಾ ಹೊತ್ತು ಹೊರಗೆ ಬರಲಿಲ್ಲ.

ಅಲ್ಲಿಂದ ಇವತ್ತಿನವರೆಗೆ ಸಾಲಿನಲ್ಲಿ ಎರಡು ಬೀಗ ಬೀಳುವುದು ನನ್ನ ಅಂಗಡಿಗೊಂದಕ್ಕೇ. ಬೆಳಿಗ್ಗೆ ನಾನು ಎಡಗಡೆ ಬಗ್ಗುತ್ತೇನೆ, ಅವಳು ಬಲಗಡೆ. ಈಗ ಅವಳಿಗೆ ಅರವತ್ತೆಂಟು. ಕೈ ನಡುಗುತ್ತದೆ, ಕೀಲಿಕೈ ತೂತಿನ ಸುತ್ತ ಕೆರೆಯುತ್ತದೆ, ಒಳಗೆ ಹೋಗುವುದಿಲ್ಲ. ಗಡಿಯಾರದವನು ಎರಡು ಸಲ ಹೇಳಿದ, ಆ ಕೀ ನೀವೇ ಇಟ್ಟುಕೊಳ್ಳಬಾರದೇ ಎಂದು. ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂದೆ. ನನ್ನ ಬೀಗ ತೆಗೆದು ಎಷ್ಟೋ ಹೊತ್ತಾಗಿರುತ್ತದೆ, ಗಿರಾಕಿಗಳು ಕಾಯುತ್ತಿರುತ್ತಾರೆ, ಒಳಗೊಳಗೇ ಕುದಿಯುತ್ತಾ ನಿಂತಿರುತ್ತೇನೆ.

“ಬೆಳಕಿಗೆ ಅಡ್ಡ ನಿಂತಿದೀಯಲ್ಲೇ, ಆಚೆ ಸರಿ,” ಎನ್ನುತ್ತಾಳೆ.

ಸರಿಯುತ್ತೇನೆ. ಬೀಗ ಬಿಚ್ಚುತ್ತದೆ. ಇಬ್ಬರೂ ಬಗ್ಗಿ ಷಟರ್ ಎತ್ತುತ್ತೇವೆ.